ಘನಸಾಳದ ಗಂಧ, ಪಾಂಢರಾ ರಸ್ಸೆಯ ಜೊತೆ

ಅಂಬೋಲಿ ಘಟ್ಟದ ಬಳಿ ಹುಟ್ಟುವ ಹಿರಣ್ಯಕೇಶಿಯು ಆಜರೆಯ ಗದ್ದೆಗಳನ್ನು ಹಾಯ್ದು, ಗಡಹಿಂಗ್ಲಜವನ್ನು ದಾಟಿ, ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಈ ಹೊಳೆಯ ಮೇಲ್ಭಾಗದಲ್ಲಿ, ಮಳೆ ಹೇರಳವಾದ ಆಜರಾ ತಾಲೂಕಿನಲ್ಲಿ ಬೆಳೆಯುವ ಗಿಡ್ಡ ಕಾಳಿನ ಸುಗಂಧದ ಅಕ್ಕಿಯೇ ಘನಸಾಳ. 2014ರಲ್ಲಿ ಕೊಲ್ಹಾಪುರದ ಬೆಲ್ಲಕ್ಕೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ 2016ರಲ್ಲಿ ಈ ಅಕ್ಕಿಗೂ ದೊರೆಯಿತು. ಬೆಲ್ಲದ ಕೀರ್ತಿಯನ್ನು ನಮ್ಮ ಮಕ್ಕಳು ಬಲ್ಲರು. ಅಕ್ಕಿಯದನ್ನು ಅಷ್ಟಾಗಿ ಅರಿಯರು.

ಊರಿನ ಹೆಸರನ್ನು ಬೆಳೆಯೊಡನೆ ಬೆಸೆದು ಕಾನೂನಿನಿಂದ ಕಾಯುವ ಕ್ರಮವನ್ನು ಫ್ರಾನ್ಸ್ ದೇಶವು 1935ರಲ್ಲಿಯೇ ತನ್ನ ವೈನುಗಳಿಗಾಗಿ ವ್ಯವಸ್ಥಿತಗೊಳಿಸಿತು. ಅಲ್ಲಿಯ ಅಲ್ಸಾಸ್ ಪ್ರಾಂತದಲ್ಲಿ ಗೆವುರ್ಟ್ಸ್‌ಟ್ರಾಮಿನರ್ ಎಂಬ ಸುಗಂಧಭರಿತ ಬಿಳಿಯ ವೈನ್ ತಯಾರಾಗುತ್ತದೆ. 1871ರಿಂದ 1945ರವರೆಗೆ ಅಲ್ಸಾಸ್ ನಾಲ್ಕು ಬಾರಿ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಕೈ ಬದಲಿಸಿತು. ಇಂದು ನೆಲ ಫ್ರಾನ್ಸಿನದು, ವೈನಿನ ಹೆಸರು ಜರ್ಮನ್ ಭಾಷೆಯದು. ‘ಗೆವುರ್ಟ್ಸ್’ ಎಂದರೆ ಮಸಾಲೆ. ಕಟ್ಟಿನ ಸಾರನ್ನು ಮನೆಯೊಳಗೆ ಒಂದು ಹೆಸರಿನಿಂದಲೂ ನೆರೆಮನೆಯಲ್ಲಿ ‘ಕಟಾಚೀ ಆಮಟಿ’ ಎಂದೂ ಕರೆಯುವ ನಮಗೆ ಇದೇನೂ ಸೋಜಿಗವಲ್ಲ.

ಆ ವೈನನ್ನು ಬಲ್ಲವರು ತುಟಿಗೆ ತಾಗಿಸುವ ಮುನ್ನ ಮೂಸುತ್ತಾರೆ. ಗುಲಾಬಿ ಮತ್ತು ಲಿಚಿ ಹಣ್ಣಿನ ವಾಸನೆ ಬರುತ್ತದೆ. ಇದು ಬರಿಯ ಕಲ್ಪನೆಯಲ್ಲ, ಲಿಚಿಯಲ್ಲಿರುವ ಗಂಧದ್ರವ್ಯವೊಂದು ಆ ವೈನಿನಲ್ಲಿಯೂ ಇದೆ. ವೈನ್ ನಮ್ಮ ಮನೆಗಳ ಪದಾರ್ಥವಲ್ಲ, ಮಕ್ಕಳಿಗಂತೂ ಸಲ್ಲದು. ಆದರೆ ಮೊದಲು ಮೂಗು, ಆಮೇಲೆ ನಾಲಿಗೆ, ಅನಂತರ ಜೊತೆಯ ಭಕ್ಷ್ಯ ಎಂಬ ಅವರ ಕ್ರಮವನ್ನು ಅನ್ನಕ್ಕೆ ಅನ್ವಯಿಸಲು ಅಡ್ಡಿಯೇನು?

ಸುಗಂಧದ ಅಕ್ಕಿಗಳ ಪರಿಮಳಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪಿರೋಲಿನ್ ಎಂಬ ವಸ್ತು. ಬಾಸುಮತಿಯಲ್ಲಿಯೂ, ಆಗತಾನೇ ಹುರಿದ ಮೆಕ್ಕೆಜೋಳದ ಅರಳಿನಲ್ಲಿಯೂ ಇರುವುದು ಅದೇ. ಅದು ಬೇಗ ಆರಿಹೋಗುತ್ತದೆ. ಆದ್ದರಿಂದ ವರ್ಷಗಟ್ಟಲೆ ಇಟ್ಟ ಅಕ್ಕಿಯಲ್ಲಿ ಪರಿಮಳ ಕುಗ್ಗುತ್ತದೆ. ಹೊಸ ಅಕ್ಕಿ ಗಮಗಮಿಸಿದರೂ ಅನ್ನ ಮೆತ್ತಗಾಗಿ ಅಂಟುತ್ತದೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿದರೆ ಬೇಯುವ ಹೊತ್ತು ತಗ್ಗುತ್ತದೆ, ಗಂಧವೂ ಹೆಚ್ಚು ಉಳಿಯುತ್ತದೆ. ಗಂಜಿ ಬಸಿಯದೆ, ನೀರು ಇಂಗುವಂತೆ ಮುಚ್ಚಿ ಬೇಯಿಸುವುದು ಲೇಸು.

ಇನ್ನು ಜೊತೆಯ ಮಾತು. ಅಲ್ಸಾಸಿನ ವೈನು ಖಾರದ ಅಡುಗೆಯೊಡನೆಯೂ ತನ್ನ ಗಂಧವನ್ನು ಬಿಟ್ಟುಕೊಡದು ಎಂದು ಹೊಗಳುತ್ತಾರೆ. ಘನಸಾಳ ಅಷ್ಟು ಗಟ್ಟಿಗನಲ್ಲ. ಕೊಲ್ಹಾಪುರದ ತಾಂಬಡಾ ರಸ್ಸೆಯನ್ನು ಅದರ ಮೇಲೆ ಸುರಿದರೆ ಮೆಣಸಿನಕಾಯಿ, ಮಸಾಲೆಗಳೇ ಮೂಗನ್ನು ಆಳುತ್ತವೆ. ಅಕ್ಕಿ ಯಾವುದಾದರೇನು ಎನ್ನಿಸಿಬಿಡುತ್ತದೆ. ತೆಂಗಿನ ಹಾಲು, ಎಳ್ಳು, ಗಸಗಸೆಗಳ ಪಾಂಢರಾ ರಸ್ಸಾ ಹಾಗಲ್ಲ. ಅದರ ಸೌಮ್ಯತೆಯಲ್ಲಿ ಅನ್ನದ ಪರಿಮಳ ತಲೆಯೆತ್ತುತ್ತದೆ. ಮಾಂಸ ತಿನ್ನದ ಮನೆಗಳಲ್ಲಿ ತೊಗರಿ ತೊವ್ವೆ, ಒಂದು ಚಮಚೆ ತುಪ್ಪ ಸಾಕು. ನನ್ನ ಮಟ್ಟಿಗೆ ಇದೇ ಶ್ರೇಷ್ಠ. ಬೆಳ್ಳುಳ್ಳಿ ಹೆಚ್ಚಾದ ಚಟ್ನಿಯನ್ನು ಮೊದಲ ತುತ್ತಿಗೆ ಮುಟ್ಟಬಾರದು.

ಇಷ್ಟೆಲ್ಲ ಏಕೆಂದರೆ, ಎತ್ತರ ಬೆಳೆದು ಗಾಳಿಗೆ ಬಾಗುವ, ಇಳುವರಿ ಕಡಿಮೆಯಾದ ಈ ತಳಿಯನ್ನು ರೈತ ಉಳಿಸಿಕೊಳ್ಳುವುದು ತಕ್ಕ ಬೆಲೆ ಬಂದರೆ ಮಾತ್ರ. ಚೀಲದ ಮೇಲೆ ಘನಸಾಳವೆಂದು ಬರೆದು ಬೇರೆ ಅಕ್ಕಿ ತುಂಬಿದರೆ, ಮೂಸಲರಿಯದ ಗಿರಾಕಿಗೆ ತಿಳಿಯುವುದು ಹೇಗೆ? ಗಿಡ್ಡ ಕಾಳಿನ ಅಕ್ಕಿಗಳು ಕಣ್ಣಿಗೆ ಒಂದೇ ಬಗೆಯಾಗಿ ತೋರುತ್ತವೆ.

ಬರುವ ಭಾನುವಾರ ಎರಡು ಪಾತ್ರೆಗಳಲ್ಲಿ, ಒಂದರಲ್ಲಿ ಘನಸಾಳವನ್ನೂ ಇನ್ನೊಂದರಲ್ಲಿ ನಿತ್ಯದ ಅಕ್ಕಿಯನ್ನೂ ಬೇಯಿಸಿ. ಮಕ್ಕಳು ಕಣ್ಣು ಮುಚ್ಚಿಕೊಳ್ಳಲಿ. ಮುಚ್ಚಳ ತೆರೆದು ಆವಿ ಏರುವಾಗ, ಯಾವುದು ಯಾವುದೆಂದು ಅವರನ್ನೇ ಕೇಳಿ.