ಮೊದಲು ನಾಯಿ, ಆಮೇಲೆ ಸಾಮಾನು

1903ರ ಮೇ ತಿಂಗಳಲ್ಲಿ ಹೊರೇಷಿಯೋ ನೆಲ್ಸನ್ ಜಾಕ್ಸನ್ ಎಂಬ ವೈದ್ಯರು ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಕಾರಿನಲ್ಲಿ ಹೊರಟರು. ಜೊತೆಗಿದ್ದವರು ಮೆಕ್ಯಾನಿಕ್ ಸೀವಾಲ್ ಕ್ರಾಕರ್. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಅದುವರೆಗೆ ಯಾರೂ ಕಾರು ಓಡಿಸಿರಲಿಲ್ಲ. 20 ಅಶ್ವಶಕ್ತಿಯ ಆ ವಿಂಟನ್ ಕಾರಿಗೆ ಮೇಲುಹೊದಿಕೆಯೂ ಇಲ್ಲ, ಮುಂದೆ ಗಾಜೂ ಇಲ್ಲ. ಹಾಸಿಗೆ, ಕೊಡಲಿ, ಸಲಿಕೆ, ರಾಟೆ, ಹಗ್ಗ, ಬಂದೂಕು, ಕ್ಯಾಮೆರಾ, ಪೆಟ್ರೋಲಿನ ಡಬ್ಬ ಎಲ್ಲ ಹೇರಿಕೊಂಡಿದ್ದರು. ಕಟ್ಟಿದ್ದು ಮಾತ್ರ ಅಷ್ಟಕ್ಕಷ್ಟೆ. ಅಡುಗೆ ಪಾತ್ರೆಗಳು ದಾರಿಯುದ್ದಕ್ಕೂ ಉದುರಿಹೋದವು. ಎಂಜಿನ್ ಗದ್ದಲದಲ್ಲಿ ಇಬ್ಬರಿಗೂ ಅದು ಕೇಳಿಸಲೇ ಇಲ್ಲ. ಐಡಾಹೊದಲ್ಲಿ ಜಾಕ್ಸನ್ 15 ಡಾಲರ್ ಕೊಟ್ಟು ಬಡ್ ಎಂಬ ನಾಯಿಯನ್ನು ಕೊಂಡರು. ಬಯಲಿನ ಸವುಳು ಧೂಳು ಅದರ ಕಣ್ಣಿಗೆ ಬಿದ್ದು ಉರಿ ಶುರುವಾದಾಗ, ತಾವು ಹಾಕುತ್ತಿದ್ದಂಥ ಧೂಳುಕನ್ನಡಕವನ್ನೇ ಅದಕ್ಕೂ ಕಟ್ಟಿದರು. 63 ದಿನಗಳ ಆ ಪ್ರಯಾಣದ ಕಾರೂ ಬಡ್‌ನ ಕನ್ನಡಕವೂ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿವೆ.

ಅಷ್ಟೆಲ್ಲ ಸಾಮಾನಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಕನ್ನಡಕವೇ. ನಾಯಿಯ ದೇಹಕ್ಕೆ ಏನು ಬೇಕೆಂದು ನೋಡಿ ಸೇರಿಸಿದ ವಸ್ತು ಅದು. ಕಾರು ಮನುಷ್ಯನ ಅಳತೆಗೆ ಮಾಡಿದ ಯಂತ್ರ. ಸೀಟಿನ ಬಾಗು ನಮ್ಮ ಬೆನ್ನಿಗೆ, ಬೆಲ್ಟು ನಮ್ಮ ಹೆಗಲಿಗೆ ಮತ್ತು ಸೊಂಟಕ್ಕೆ, ಏಸಿಯ ಕಿಂಡಿ ನಮ್ಮ ಮುಖಕ್ಕೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ನಾಯಿಯೊಂದಿಗೆ ಹೋಗುವವರು ಸಾಮಾನು ಜೋಡಿಸುವುದೆಂದರೆ, ಕಾರು ತಯಾರಿಸಿದವರು ನಾಯಿಗೆಂದು ಕೊಡದೆ ಬಿಟ್ಟದ್ದನ್ನು ಕೊಡುವುದು. ನಮ್ಮಲ್ಲಿ ಆಗುವುದು ಉಲ್ಟಾ. ಸೂಟ್‌ಕೇಸು, ತಿಂಡಿ ಬುಟ್ಟಿ, ಊರಿಗೆ ಕೊಡುವ ಚೀಲ ಎಲ್ಲ ಏರಿದ ಮೇಲೆ ಉಳಿದ ಸಂದಿಗೆ ನಾಯಿಯನ್ನು ಹತ್ತಿಸುತ್ತಾರೆ.

ಮೊದಲು ವೇಗದ ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿನ ಲಾರಿಗೆ ಗುದ್ದಿ ಕಾರು ನಿಂತರೂ ಹಿಂದಿನ ಸೀಟಿನ ಮೇಲೆ ಬಿಡಿಯಾಗಿ ಕೂತ 20 ಕಿಲೋ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಿಂದ, ಬಿದ್ದ ವಸ್ತು ನೆಲ ಮುಟ್ಟುವ ವೇಗ ಅದು. ಅರ್ಧ ಮೀಟರಿನೊಳಗೆ ಅದನ್ನು ತಡೆದು ನಿಲ್ಲಿಸಲು ಸರಾಸರಿ 550 ಕಿಲೋ ತೂಕಕ್ಕೂ ಮೀರಿದ ಬಲ ಬೇಕು. ‘ತೊಡೆ ಮೇಲೆ ಕೂರಿಸಿಕೊಂಡು ಹಿಡಕೊಳ್ತೀನಿ ಬಿಡಿ’ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಮುಂದಿನ ಸೀಟಂತೂ ಬೇಡವೇ ಬೇಡ. ಏರ್‌ಬ್ಯಾಗ್ ಉಬ್ಬಲು ಹಿಡಿಯುವುದು ಸುಮಾರು 30 ಮಿಲಿಸೆಕೆಂಡ್. ಅದು ಉಬ್ಬುವುದು ಬೆನ್ನು ಆನಿಸಿ ಕೂತ ದೊಡ್ಡವರ ಎದೆಯನ್ನು ಲೆಕ್ಕಕ್ಕಿಟ್ಟು. ಆ ಜಾಗದಲ್ಲಿ ನಾಯಿಯ ತಲೆ ಇರುತ್ತದೆ.

ಕೊರಳಪಟ್ಟಿಗೆ ಚೈನು ಹಾಕಿ ಸೀಟಿಗೆ ಕಟ್ಟಿದರೆ ಮುಗಿಯಿತಲ್ಲ ಎನ್ನಬಹುದು. ಆಗ ಅಷ್ಟೂ ಬಲ ಬೀಳುವುದು ಶ್ವಾಸನಾಳದ ಮೇಲೆ, ಕತ್ತಿನ ಮೂಳೆಗಳ ಮೇಲೆ. ಬೇಕಾದದ್ದು ಎದೆಯ ಮೂಳೆ, ಪಕ್ಕೆಲುಬುಗಳ ಮೇಲೆ ಬಲವನ್ನು ಹಂಚುವ ಅಗಲ ಪಟ್ಟಿಯ ಹಾರ್ನೆಸ್, ಮತ್ತು ಅದನ್ನು ಸೀಟ್‌ಬೆಲ್ಟಿಗೆ ಸೇರಿಸುವ ಗಿಡ್ಡ ಪಟ್ಟಿ. ಪಟ್ಟಿ ಉದ್ದವಿದ್ದಷ್ಟೂ ನಾಯಿ ಹಾರಿಹೋಗುವ ದೂರ ಹೆಚ್ಚು. ವಾಕಿಂಗಿಗೆಂದು ಮಾರುವ ಹಾರ್ನೆಸ್ ಈ ಕೆಲಸಕ್ಕಲ್ಲ. ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ 2013ರಲ್ಲಿ ನಾಯಿಗೊಂಬೆಗಳನ್ನು ಕೂರಿಸಿ ಡಿಕ್ಕಿ ಪರೀಕ್ಷೆ ಮಾಡಿದಾಗ ಹಲವು ಹಾರ್ನೆಸ್‌ಗಳು ಗೊಂಬೆಯನ್ನು ಹಿಡಿದು ನಿಲ್ಲಿಸಲಾರದೆ ಸೋತವು. ಕೊಳ್ಳುವಾಗ ಹೊಲಿಗೆ ಮತ್ತು ಕೊಂಡಿ ನೋಡಿ. ಭಾರ ಹೊರುವ ಕಡೆ ಪ್ಲಾಸ್ಟಿಕ್ ಬಕಲ್ ಇದ್ದರೆ ಬಿಟ್ಟುಬಿಡಿ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ಕಾರಿನಲ್ಲಿ ನಾಯಿಯನ್ನು ಸೂಕ್ತವಾಗಿ ಹಿಡಿದಿಡಿ ಎನ್ನುತ್ತದೆ; ಹಾರ್ನೆಸ್ ಅದು ಹೇಳುವ ದಾರಿಗಳಲ್ಲಿ ಒಂದು.

ನಾಯಿಗೆ ಹೇಳಿದ ಲೆಕ್ಕ ಸಾಮಾನಿಗೂ ಸಲ್ಲುತ್ತದೆ. ಹಿಂದಿನ ಗಾಜಿನ ಬಳಿ ಇಟ್ಟ ಸ್ಟೀಲ್ ಟಿಫನ್ ಕ್ಯಾರಿಯರ್ ಬ್ರೇಕ್ ಹಾಕಿದ ಗಳಿಗೆಯಲ್ಲಿ ಕಲ್ಲು. ಭಾರವಾದದ್ದೆಲ್ಲ ತಳಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಹೋಗಲಿ. ಮೇಲಿನ ಕ್ಯಾರಿಯರಿಗೆ ಹಗುರವಾದದ್ದು ಮಾತ್ರ. ಭಾರ ಮೇಲೇರಿದಷ್ಟೂ ಘಾಟಿಯ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಒಳಗೆ ನಿಂತ ನಾಯಿ ಅಷ್ಟೇ ಹೆಚ್ಚು ಜೋಲಿ ಹೊಡೆಯುತ್ತದೆ.

ಹಿಂದಿನ ಸೀಟಿನ ಮುಂದೆ ನಾವು ಕಾಲಿಡುವ ಹಳ್ಳವಿದೆಯಲ್ಲ, ನಾಯಿಗೆ ಅದು ಬೀಳುವ ಗುಂಡಿ. ಮೆತ್ತನೆಯ ಬಟ್ಟೆ ಚೀಲಗಳನ್ನು, ಹೊದಿಕೆಗಳನ್ನು ಅಲ್ಲಿ ಸೀಟಿನ ಮಟ್ಟಕ್ಕೆ ತುಂಬಿದರೆ ಎರಡು ಕೆಲಸ ಆಗುತ್ತದೆ: ಸಾಮಾನಿಗೆ ಜಾಗ, ನಾಯಿಗೆ ಸಮತಟ್ಟಾದ ನೆಲ. ನಾಯಿಯ ತೂಕದಲ್ಲಿ ನೂರಕ್ಕೆ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಬ್ರೇಕ್ ಹಾಕಿದಾಗ ಇನ್ನಷ್ಟು ಭಾರ ಅಲ್ಲಿಗೇ ಜಾರುತ್ತದೆ. ರೆಕ್ಸಿನ್ ಸೀಟಿನ ಮೇಲೆ ಉಗುರು ನಿಲ್ಲುವುದಿಲ್ಲ. ಪ್ರತಿ ತಿರುವಿಗೂ ಹೆಗಲು ಬಿಗಿಹಿಡಿದು ನಿಲ್ಲುವ ನಾಯಿ ಮಂಗಳೂರು ಮುಟ್ಟುವ ಹೊತ್ತಿಗೆ ನಮಗಿಂತ ಹೆಚ್ಚು ದಣಿದಿರುತ್ತದೆ. ಕೆಳಗೆ ರಬ್ಬರ್ ಹಾಳೆ, ಮೇಲೆ ಮಡಿಚಿದ ಜಮಖಾನೆ ಹಾಕಿದರೆ ಉಗುರಿಗೆ ಹಿಡಿತ ಸಿಗುತ್ತದೆ. ಅದು ಮನೆಯಲ್ಲಿ ನಾಯಿ ಮಲಗುವ ಜಮಖಾನೆಯೇ ಆಗಿರಲಿ, ಒಗೆಯದೆ ತನ್ನಿ. ಗಾಢ ಕಂಪಿನ ಕಾರ್ ಪರ್ಫ್ಯೂಮನ್ನು ಮಾತ್ರ ಮನೆಯಲ್ಲೇ ಬಿಡಿ. ನಮಗೆ ಹಿತವಾದದ್ದು ಆ ಮೂಗಿಗೆ ಕಿರುಚಿದಂತೆ.

ಘಾಟಿಯಲ್ಲಿ ವಾಂತಿ ಯಾಕೆ ಬರುತ್ತದೆ? ಒಳಗಿವಿಯಲ್ಲಿ ಅರೆವೃತ್ತದ ಮೂರು ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದುಳಿದು, ಯಾವ ಕಡೆಗೆ ಎಷ್ಟು ತಿರುಗಿದೆವು ಎಂದು ಮಿದುಳಿಗೆ ತಿಳಿಸುತ್ತದೆ. ಮುಂದಿನ ಸೀಟುಗಳ ಬೆನ್ನನ್ನೇ ನೋಡುತ್ತಾ ಕೂತ ನಾಯಿಯ ಕಣ್ಣು ‘ಏನೂ ಅಲುಗಾಡುತ್ತಿಲ್ಲ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಈ ತಕರಾರು ಹೊಟ್ಟೆಗೆ ಇಳಿಯುತ್ತದೆ. ಕಿವುಡರಾದ ಹಲವರಿಗೆ ತಲೆಸುತ್ತೇ ಬರುವುದಿಲ್ಲ ಎಂಬುದನ್ನು 1882ರಲ್ಲೇ ವಿಲಿಯಂ ಜೇಮ್ಸ್ ಬರೆದಿಟ್ಟರು. 1950ರ ದಶಕದ ಪ್ರಯೋಗಗಳಲ್ಲಿ ಒಳಗಿವಿಯ ಈ ಅಂಗವನ್ನು ತೆಗೆದ ನಾಯಿಗಳಿಗೆ ತೂಗಾಟದಿಂದ ವಾಂತಿಯಾಗಲಿಲ್ಲ. ಇವತ್ತು ಅಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ, ಸಿಗದಿದ್ದರೇ ಒಳ್ಳೆಯದು; ಆದರೆ ತಪ್ಪು ಹೊಟ್ಟೆಯದಲ್ಲ, ಕಿವಿಯದು ಎಂದು ಖಚಿತವಾದದ್ದು ಹಾಗೆ.

ಮನುಷ್ಯರಲ್ಲಿ ಹೊಟ್ಟೆ ತೊಳಸುವುದು ಹೆಚ್ಚಾಗಿ ಐದು ಸೆಕೆಂಡಿಗೊಮ್ಮೆ ಬರುವ ತೂಗಾಟದಲ್ಲಿ. 40ರ ವೇಗದಲ್ಲಿ ಐದು ಸೆಕೆಂಡೆಂದರೆ 55 ಮೀಟರ್. ಚಾರ್ಮಾಡಿ ಘಾಟಿಯ ತಿರುವುಗಳನ್ನು ನೆನೆಸಿಕೊಳ್ಳಿ. ಕಾರಿನ ಹಿಂಬದಿ ತುದಿಯಲ್ಲಿ ಏರಿಳಿತ ಜಾಸ್ತಿ, ಎರಡು ಅಚ್ಚುಗಳ ನಡುವೆ ಕಡಿಮೆ. ಹಾಗಾಗಿ ದೊಡ್ಡ ಗಾಡಿಯಲ್ಲಿ ಹಿಂದೆ ಧಾರಾಳ ಜಾಗವಿದ್ದರೂ ವಾಂತಿ ಮಾಡುವ ನಾಯಿಗೆ ನಡುವಿನ ಸೀಟೇ ವಾಸಿ. ಮುನ್ಸೂಚನೆ ಹಿಡಿಯಲು ಬಾಯಿ ನೋಡಬೇಕು. ನಿದ್ದೆಯಿಲ್ಲದೆ ಆಕಳಿಕೆ, ಎದುರಿಗೆ ತಿಂಡಿಯಿಲ್ಲದೆ ತುಟಿ ನೆಕ್ಕುವುದು, ಕೆಳದವಡೆಯ ಮೂಲೆಯಿಂದ ನೂಲಿನಂತೆ ಇಳಿಯುವ ಜೊಲ್ಲು. ಜೊಲ್ಲು ಕಂಡಾಗ ನಿಲ್ಲಿಸಿದರೆ ಜಮಖಾನೆ ಉಳಿಯುತ್ತದೆ. ಮರಿಗಳಿಗೆ ಈ ಕಾಟ ಹೆಚ್ಚು, ಬೆಳೆದಂತೆ ಹಲವು ನಾಯಿಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ಮರೋಪಿಟಂಟ್ ಎಂಬ ಔಷಧಿ ಇದೆ; ಮಿದುಳಿನ ವಾಂತಿಕೇಂದ್ರದಲ್ಲಿ ಸಂದೇಶ ಸ್ವೀಕರಿಸುವ ಎನ್‌ಕೆ-1 ಗ್ರಾಹಕಗಳನ್ನು ಅದು ಮುಚ್ಚುತ್ತದೆ. ಹೊರಡುವ ಮುಂಚೆಯೇ ಕೊಡಬೇಕಾದದ್ದು, ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಸೆಕೆ. ನಾಯಿಯ ಮೈಶಾಖ ನಮಗಿಂತ ಹೆಚ್ಚು, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೆವರುವುದು ಮುಖ್ಯವಾಗಿ ಅಂಗಾಲಲ್ಲಿ, ಅದೂ ಲೆಕ್ಕಕ್ಕಿಲ್ಲದಷ್ಟು. ತಂಪಾಗಲು ಅದಕ್ಕಿರುವ ಯಂತ್ರ ಮೂಗು ಮತ್ತು ಬಾಯಿ. ಸುಮ್ಮನಿದ್ದಾಗ ನಿಮಿಷಕ್ಕೆ 30ರ ಆಸುಪಾಸು ಉಸಿರಾಡುವ ನಾಯಿ ಏದತೊಡಗಿದರೆ ಒಮ್ಮೆಗೇ 300ಕ್ಕೂ ಮೇಲೆ ಜಿಗಿಯುತ್ತದೆ. ಅಷ್ಟು ಬಿರುಸಿನ ಕೆಲಸದಿಂದಲೇ ಮೈ ಇನ್ನಷ್ಟು ಕಾಯಬೇಕಲ್ಲ? 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಕೊಟ್ಟರು. ನಾಯಿಯ ಎದೆಗೂಡಿಗೆ ಅದರದೇ ಆದ ಒಂದು ಸಹಜ ಕಂಪನದ ವೇಗವಿದೆ, ಏದುಸಿರು ಅದಕ್ಕೇ ಹೊಂದಿಕೊಂಡಿದೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ಬೆರಳ ತುದಿಯಿಂದ ತಳ್ಳಿದಂತೆ, ಸ್ವಲ್ಪ ಶಕ್ತಿಯಲ್ಲೇ ಎದೆ ಆಡುತ್ತದೆ. ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಇನ್ನೊಂದು ಜಾಣ್ಮೆಯನ್ನು ತೋರಿಸಿದರು: ಏದುವ ನಾಯಿ ಗಾಳಿಯನ್ನು ಮುಖ್ಯವಾಗಿ ಮೂಗಿನಿಂದ ಎಳೆದು ಬಾಯಿಂದ ಬಿಡುತ್ತದೆ. ಮೂಗಿನೊಳಗಿನ ಒದ್ದೆ ಮಡಿಕೆಗಳಲ್ಲಿ ನೀರು ಆವಿಯಾಗಿ ಶಾಖವನ್ನು ಹೊತ್ತು ಹೊರಗೆ ಹೋಗುತ್ತದೆ. ಆ ನೀರನ್ನು ಒದಗಿಸಲು ಮೂಗಿನಲ್ಲೇ ಒಂದು ಗ್ರಂಥಿ ಇದೆ.

ಸುಮ್ಮನೆ ಮಲಗಿದ 20 ಕಿಲೋ ನಾಯಿಯ ಮೈ ಸುಮಾರು 30 ವಾಟ್ ಶಾಖ ಬಿಡುತ್ತದೆ. ಅದಷ್ಟನ್ನೂ ಆವಿಯಿಂದಲೇ ಕಳೆಯಬೇಕಾದರೆ ಗಂಟೆಗೆ ಹತ್ತಿರ ಹತ್ತಿರ 50 ಮಿಲಿಲೀಟರ್ ನೀರು ಖರ್ಚು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿಯಾಗುವುದೂ ನಿಧಾನ. ಸಕಲೇಶಪುರದ ತಂಪಿನಲ್ಲಿ ಹಾಯಾಗಿ ಮಲಗಿದ್ದ ನಾಯಿ ಗುಂಡ್ಯ ದಾಟಿ ನೆಲ್ಯಾಡಿ ಮುಟ್ಟುವಾಗ ಏದುವುದು ಇದಕ್ಕೇ. ಸೆಕೆಯ ಜೊತೆ ತೇವವೂ ಏರಿದೆ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಮೂಗಿನೊಳಗಿನ ಜಾಗವೇ ಕಡಿಮೆ, ಅವಕ್ಕೆ ಕರಾವಳಿಯ ಬೇಸಿಗೆ ಶಿಕ್ಷೆ. ಮೋಟುಕೂದಲಿನ, ತೆಳ್ಳನೆಯ ಮುಧೋಳ ನಾಯಿ ಇದನ್ನು ಹಸ್ಕಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಮೈಮೇಲೆ ಕೊಬ್ಬಿಲ್ಲದ ಅದಕ್ಕೆ ಮೆತ್ತೆ ಹೆಚ್ಚು ಬೇಕು.

ಸಾಮಾನಿಗೂ ಇದಕ್ಕೂ ಏನು ಸಂಬಂಧ ಎಂದರೆ, ನಮ್ಮ ಅನೇಕ ಕಾರುಗಳಲ್ಲಿ ಹಿಂದಕ್ಕೆ ಏಸಿ ಗಾಳಿ ಬರುವುದು ಮುಂದಿನ ಎರಡು ಸೀಟುಗಳ ನಡುವಿನಿಂದ. ಅಲ್ಲೇ ಹೆಂಗಸರ ಬ್ಯಾಗು, ನೀರಿನ ಬಾಟಲಿ, ಚಿಪ್ಸು ಪೊಟ್ಟಣದ ಗುಡ್ಡೆ ಬೀಳುತ್ತದೆ. ಮುಂದೆ ಕೂತವರಿಗೆ ಚಳಿ, ಹಿಂದೆ ನಾಯಿಗೆ ಧಗೆ. ಆ ಸಂದನ್ನು ಖಾಲಿ ಬಿಡಿ. ಹೊರಡುವ ಮುಂಚೆ ನಿಮ್ಮ ಕೈಯನ್ನೇ ನಾಯಿಯ ಮೂಗಿನ ಎತ್ತರದಲ್ಲಿ ಹಿಡಿದು ಗಾಳಿ ಬರುತ್ತಿದೆಯೇ ಎಂದು ನೋಡಿ. ಕೈ ಸುಳ್ಳು ಹೇಳುವುದಿಲ್ಲ. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ನಾಯಿ ಜೊತೆ ಹೊರಗೇ ಇರಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು, ಅದರಲ್ಲಿ ನೂರಕ್ಕೆ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಗಾಜನ್ನು ತುಸು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಇಡ್ಲಿ-ವಡೆ ಆರ್ಡರ್ ಮಾಡಿ, ತಿಂದು, ಕಾಫಿ ಕುಡಿದು ಬರುವ ಹೊತ್ತು ಆ ಅರ್ಧ ಗಂಟೆ.

ನಾಯಿಯ ಚೀಲವನ್ನು ಎಲ್ಲಕ್ಕಿಂತ ಕೊನೆಗೆ, ಡಿಕ್ಕಿ ತೆಗೆದ ಕೂಡಲೇ ಕೈಗೆ ಸಿಗುವಂತೆ ಇಡಿ. ನೀರು ದಿನಕ್ಕೆ ಕಿಲೋ ತೂಕಕ್ಕೆ 50-60 ಮಿಲಿಲೀಟರಿನಂತೆ, ಸೆಕೆಗೆ ಅದರ ಎರಡರಷ್ಟು. ಅಗಲ ಬಟ್ಟಲು, ಹಳೆ ಟವಲು, ಪೇಪರು, ರೇಬಿಸ್ ಲಸಿಕೆಯ ಪುಸ್ತಕ. ಮಲೆನಾಡಿನಲ್ಲಿ ಇಳಿಸಿದರೆ ಉಣುಗು ಕೀಳಲು ಚಿಮಟ ಬೇಕು. ಮತ್ತೆ ಕಾರಿಗೆ ಹತ್ತಿಸುವ ಮುಂಚೆ ಕಿವಿಯ ಒಳಮಡಿಕೆ, ಬೆರಳ ಸಂದು, ಕಂಕುಳು ನೋಡಿ. ಎರ್ಲಿಕಿಯಾ, ಬಬೀಸಿಯಾ ಜ್ವರಗಳನ್ನು ನಾಯಿಗೆ ತರುವುದು ಉಣುಗೇ.

ಊಟದ ವಿಷಯದಲ್ಲಿ ನಮ್ಮ ಬುತ್ತಿಯೇ ಅಪಾಯ. ಚಿತ್ರಾನ್ನದ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ದ್ರಾಕ್ಷಿಯಲ್ಲಿರುವ ವಿಷ ಯಾವುದೆಂದು ಬಹುಕಾಲ ತಿಳಿದಿರಲಿಲ್ಲ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ಹಾನಿ ಕಂಡ ಅಮೆರಿಕದ ಪಶುವೈದ್ಯರು, ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲದ ಮೇಲೆ ಈಚಿನ ವರ್ಷಗಳಲ್ಲಿ ಬೆರಳಿಟ್ಟಿದ್ದಾರೆ. ಎಂದರೆ ಪ್ರಯಾಣದ ಬುತ್ತಿಯೆಂದೇ ಹೆಸರಾದ ನಮ್ಮ ಪುಳಿಯೋಗರೆ ನಾಯಿಗಲ್ಲ. ಒಗ್ಗರಣೆಯಿಲ್ಲದ ಮೊಸರನ್ನ ಸ್ವಲ್ಪ ಕೊಡಿ, ಅದೂ ಘಾಟಿ ಇಳಿದ ಮೇಲೆ.

ಬಾಗಿಲು ತೆಗೆಯುವ ಮುಂಚೆಯೇ ಚೈನು ಕೈಯಲ್ಲಿರಲಿ. ಹೆದ್ದಾರಿ ಬದಿಯಲ್ಲಿ ಹೊರಗೆ ಹಾರಿದ ನಾಯಿಗೆ ಹೆಸರು ಕರೆದದ್ದು ಲಾರಿಯ ಹಾರನ್ನಿನ ನಡುವೆ ಕೇಳುವುದಿಲ್ಲ. ನಿಲ್ಲಿಸಿದ ಮೇಲೂ ಏದುಸಿರು ತಗ್ಗದೆ, ನಾಲಿಗೆ ಕಡುಗೆಂಪಾಗಿ ಕಾಲು ತಡವರಿಸಿದರೆ ಅದು ಶಾಖಾಘಾತದ ಶುರು. ಆಸ್ಪತ್ರೆ ಹುಡುಕುತ್ತಾ ಕಾರು ಓಡಿಸುವ ಮುಂಚೆ ಐದು ಲೀಟರಿನ ಕ್ಯಾನಿನಲ್ಲಿ ತಂದ ನೀರನ್ನು ಹೊಟ್ಟೆ, ತೊಡೆ, ಬೆನ್ನಿನ ಮೇಲೆ ಸುರಿಯಿರಿ, ಏನಾದರೂ ಹಿಡಿದು ಗಾಳಿ ಬೀಸಿ. ಒದ್ದೆ ಟವಲನ್ನು ಮೈಮೇಲೆ ಹೊದಿಸಿ ಬಿಡಬೇಡಿ, ಅದು ಬೇಗ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ಆಮೇಲೆ ಕಿಟಕಿ ಇಳಿಸಿ, ಏಸಿಯನ್ನು ಪೂರ್ತಿ ತಿರುಗಿಸಿ, ಹತ್ತಿರದ ಪಶು ಆಸ್ಪತ್ರೆಗೆ ಹೊರಡಿ. ಆ ಕ್ಯಾನು ಸೂಟ್‌ಕೇಸುಗಳ ಅಡಿಗೆ ಸಿಕ್ಕಿಬಿದ್ದಿದ್ದರೆ ಸಾಮಾನು ಇಳಿಸುತ್ತಲೇ ಹತ್ತು ನಿಮಿಷ ಹೋಗುತ್ತದೆ; ಅದನ್ನು ಬಾಗಿಲ ಬದಿಯಲ್ಲೇ, ಬೆಲ್ಟು ಹಾಕಿ ಇಡಿ.