ಬೆಲ್ಟ್ ಬಿಚ್ಚುವ ಮುನ್ನ ಟೆನ್ಷನರ್ ಅರಿಯಿರಿ

ಕಾರಿನ ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಒಂದು ಪಕ್ಕದಲ್ಲಿ ಹಲವು ರಾಟೆಗಳನ್ನು ಸುತ್ತಿಕೊಂಡು ಸಾಗುವ ಕಪ್ಪು ರಬ್ಬರ್ ಪಟ್ಟಿಯೊಂದು ಕಾಣುತ್ತದೆ. ಇದೇ ಡ್ರೈವ್ ಬೆಲ್ಟ್. ಕ್ರ್ಯಾಂಕ್ ಶಾಫ್ಟ್ ತಿರುಗುವ ಶಕ್ತಿಯನ್ನು ಇದು ಆಲ್ಟರ್ನೇಟರಿಗೆ, ಎಸಿ ಕಂಪ್ರೆಸರಿಗೆ, ಅನೇಕ ಕಾರುಗಳಲ್ಲಿ ನೀರಿನ ಪಂಪಿಗೂ ತಲುಪಿಸುತ್ತದೆ. ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜ್ ಆಗುವುದು ನಿಲ್ಲುತ್ತದೆ. ನೀರಿನ ಪಂಪು ಇದರಿಂದಲೇ ತಿರುಗುವ ಕಾರಾದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಮಿತಿಮೀರಿ ಕಾಯುತ್ತದೆ. ಆದ್ದರಿಂದ ಸವೆದ ಬೆಲ್ಟನ್ನು ಸಕಾಲದಲ್ಲಿ ಬದಲಿಸಬೇಕು. ಅದಕ್ಕೆ ಮೊದಲ ಹೆಜ್ಜೆ ಟೆನ್ಷನರನ್ನು ಸಡಿಲಿಸುವುದು.

ನೋಡಲು ಇದು ಸಣ್ಣ ಕೆಲಸ. ಆದರೆ ಬೆರಳು ಜಜ್ಜುವುದು, ಬೋಲ್ಟ್ ಮುರಿಯುವುದು, ಸ್ಪ್ಯಾನರ್ ಜಾರಿ ಮುಖಕ್ಕೆ ಬಡಿಯುವುದು ಎಲ್ಲವೂ ಇಲ್ಲೇ ಆಗುತ್ತವೆ. ಟೆನ್ಷನರ್ ಎಂದರೆ ಬಿಗಿಯಾಗಿ ಸುತ್ತಿಟ್ಟ ಸ್ಪ್ರಿಂಗ್. ನಾವು ಆ ಸ್ಪ್ರಿಂಗಿನ ಬಲವನ್ನು ಇಲ್ಲವಾಗಿಸುವುದಿಲ್ಲ, ಕೆಲವು ಕ್ಷಣ ಕೈಯಲ್ಲಿ ತಡೆದು ಹಿಡಿಯುತ್ತೇವೆ ಅಷ್ಟೆ. ಈ ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಬಿಗಿ ಏಕೆ ಬೇಕು?

ಬೆಲ್ಟ್ ಕೆಲಸ ಮಾಡುವುದು ಘರ್ಷಣೆಯಿಂದ. ರಾಟೆಯ ಮೇಲೆ ಬೆಲ್ಟ್ ಒತ್ತಿ ಕುಳಿತಷ್ಟೂ ಹಿಡಿತ ಹೆಚ್ಚು. ರಾಟೆಯನ್ನು ಅದು ಎಷ್ಟು ಕೋನದವರೆಗೆ ಸುತ್ತಿಕೊಂಡಿದೆ ಎಂಬುದೂ ಮುಖ್ಯ. ಘರ್ಷಣಾ ಗುಣಾಂಕ 0.3 ಇದ್ದು, ಸಪಾಟಾದ ಬೆಲ್ಟ್ ರಾಟೆಯ ಅರ್ಧ ಸುತ್ತನ್ನು ಅಪ್ಪಿಕೊಂಡಿದ್ದರೆ, ಜಾರುವ ಮುನ್ನ ಬಿಗಿ ಬದಿಯ ಎಳೆತ ಸಡಿಲು ಬದಿಯ ಎಳೆತದ ಸುಮಾರು 2.6 ಪಟ್ಟು ಇರಬಹುದು. ಡ್ರೈವ್ ಬೆಲ್ಟಿನ ಒಳಮೈಯಲ್ಲಿರುವ ಉದ್ದುದ್ದ ಏಣುಗಳು ರಾಟೆಯ ಗಾಡಿಯೊಳಗೆ ಬೆಣೆಯಂತೆ ಕೂರುವುದರಿಂದ ಹಿಡಿತ ಇನ್ನೂ ಹೆಚ್ಚುತ್ತದೆ. ಆದರೆ ಸಡಿಲು ಬದಿಯಲ್ಲಿ ಎಳೆತವೇ ಇಲ್ಲದಿದ್ದರೆ ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ಆಗ ಬೆಲ್ಟ್ ಜಾರಿ ಕಿರುಚುತ್ತದೆ.

ಆದ್ದರಿಂದಲೇ ಟೆನ್ಷನರನ್ನು ಸಾಮಾನ್ಯವಾಗಿ ಸಡಿಲು ಬದಿಯಲ್ಲಿ ಇಡುತ್ತಾರೆ. ಒಂದು ತೋಳು, ತೋಳಿನ ತುದಿಗೆ ಒಂದು ರಾಟೆ, ಬುಡದಲ್ಲಿ ತಿರುಚಿದ ಸ್ಪ್ರಿಂಗ್ - ಇದು ಅದರ ರಚನೆ. ಬೆಲ್ಟ್ ಸವೆದು ಉದ್ದವಾದರೂ, ಬಿಸಿಗೆ ಹಿಗ್ಗಿದರೂ ತೋಳು ತಾನೇ ಸರಿದು ಬಿಗಿಯನ್ನು ಕಾಯುತ್ತದೆ.

ಹಿಂದೆ ಒಂದೊಂದು ಉಪಕರಣಕ್ಕೆ ಒಂದೊಂದು ವಿ-ಬೆಲ್ಟ್ ಇರುತ್ತಿತ್ತು. ಎಲ್ಲವನ್ನೂ ಒಂದೇ ಬೆಲ್ಟಿನಿಂದ ತಿರುಗಿಸುವ ಸರ್ಪಾಕಾರದ ವ್ಯವಸ್ಥೆ ಅಮೆರಿಕದ 1979ರ ಫೋರ್ಡ್ ಮಸ್ಟಾಂಗ್ ಕಾರಿನಿಂದ ಬಳಕೆಗೆ ಬಂತು. ನಮ್ಮ ಮಾರುತಿ 800ರಲ್ಲಿ ಇಂಥ ಟೆನ್ಷನರ್ ಇರಲಿಲ್ಲ. ಅದರಲ್ಲಿ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಅದನ್ನೇ ಎಂಜಿನ್ನಿನತ್ತ ವಾಲಿಸಿ ಬೆಲ್ಟ್ ತೆಗೆಯಬೇಕು.

ಮೊದಲ ಸಿದ್ಧತೆ

ಎಂಜಿನ್ ಆಫ್ ಆಗಿರಬೇಕು, ತಣ್ಣಗಿರಬೇಕು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. ಬ್ಯಾಟರಿಯ ಋಣ ತುದಿಯ ತಂತಿ ಬಿಚ್ಚಿಡಿ. ಉಂಗುರ, ವಾಚು ತೆಗೆಯಿರಿ. ದುಪಟ್ಟಾ, ಸಡಿಲ ತೋಳುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ.

ಬೆಲ್ಟ್ ಯಾವ ರಾಟೆಯ ಮೇಲೆ, ಯಾವುದರ ಕೆಳಗೆ ಹೋಗಿದೆ ಎಂಬ ನಕ್ಷೆ ಅನೇಕ ಕಾರುಗಳಲ್ಲಿ ಬಾನೆಟ್ಟಿನ ಕೆಳಗೆ ಅಂಟಿಸಿರುತ್ತದೆ. ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಕಾಗದದ ಮೇಲೂ ಗೆರೆ ಎಳೆದು ಬರೆದುಕೊಳ್ಳಿ. ಬೆಲ್ಟ್ ಕೈಗೆ ಬಂದ ಮೇಲೆ ನೆನಪಿನಿಂದ ದಾರಿ ಹುಡುಕುವುದು ಕಷ್ಟ. ತಪ್ಪು ದಾರಿಯಲ್ಲಿ ಹಾಕಿದರೆ ನೀರಿನ ಪಂಪು ಉಲ್ಟಾ ತಿರುಗಲೂಬಹುದು.

ಬಿಚ್ಚುವ ಕ್ರಮ

ಟೆನ್ಷನರಿನ ತೋಳಿನಲ್ಲಿ ಉಪಕರಣ ಹಾಕಲು ಜಾಗ ಇರುತ್ತದೆ. ಕೆಲವದರಲ್ಲಿ 3/8 ಅಥವಾ 1/2 ಇಂಚಿನ ಚೌಕ ರಂಧ್ರ, ಕೆಲವದರಲ್ಲಿ ಆರು ಮೂಲೆಯ ಉಬ್ಬು. ಇನ್ನು ಕೆಲವದರಲ್ಲಿ ರಾಟೆಯ ನಡುವಿನ ಬೋಲ್ಟಿಗೇ ಸ್ಪ್ಯಾನರ್ ಹಾಕಬೇಕು. ಯಾವುದಕ್ಕೆ ಹಾಕಬೇಕು, ಯಾವ ಕಡೆ ತಿರುಗಿಸಬೇಕು ಎಂಬುದನ್ನು ಆ ಕಾರಿನ ಸರ್ವಿಸ್ ಪುಸ್ತಕ ಹೇಳುತ್ತದೆ. ಎಲ್ಲ ಕಾರಿಗೂ ಒಂದೇ ದಿಕ್ಕು ಎಂಬುದಿಲ್ಲ. ಒಂದೇ ಸೂತ್ರ: ಟೆನ್ಷನರಿನ ರಾಟೆ ಬೆಲ್ಟಿನಿಂದ ದೂರ ಸರಿಯುವ ದಿಕ್ಕಿಗೆ ತಿರುಗಿಸಬೇಕು. ತೋಳು ಅಲುಗದೆ ಬೋಲ್ಟ್ ಮಾತ್ರ ತಿರುಗತೊಡಗಿದರೆ ಕೂಡಲೇ ನಿಲ್ಲಿಸಿ.

ಇಲ್ಲಿ ಪ್ರಥಮ ಪಿಯುಸಿಯ ಟಾರ್ಕ್ ಪಾಠ ಕೆಲಸಕ್ಕೆ ಬರುತ್ತದೆ. ತೋಳನ್ನು ತಿರುಗಿಸಲು 40 ನ್ಯೂಟನ್ ಮೀಟರ್ ಟಾರ್ಕ್ ಬೇಕು ಎಂದುಕೊಳ್ಳಿ. 20 ಸೆಂ.ಮೀ. ಉದ್ದದ ಹಿಡಿಯಾದರೆ ಕೈಯಿಂದ 200 ನ್ಯೂಟನ್ ಬಲ ಹಾಕಬೇಕು. ಅದು ಸುಮಾರು 20 ಕೆ.ಜಿ. ತೂಕ ಎತ್ತಿದಷ್ಟು. 50 ಸೆಂ.ಮೀ. ಹಿಡಿಯಾದರೆ 80 ನ್ಯೂಟನ್ ಸಾಕು. ಉದ್ದ ಹಿಡಿ ಬಳಸುವುದು ಬರೀ ಸುಲಭಕ್ಕಲ್ಲ, ಹಿಡಿತ ತಪ್ಪದಿರಲು. ತೋಳಿನ ಶಕ್ತಿಯನ್ನೆಲ್ಲ ಹಾಕಿ ನಡುಗುತ್ತಿರುವ ಕೈಯಿಂದ ಸ್ಪ್ರಿಂಗನ್ನು ನಿಧಾನವಾಗಿ ವಾಪಸ್ ಬಿಡಲು ಆಗುವುದಿಲ್ಲ. ಟೆನ್ಷನರ್ ತಿರುಗಿಸಲೆಂದೇ ತೆಳ್ಳಗಿನ ಉದ್ದ ಸಲಕರಣೆಯೂ ಸಿಗುತ್ತದೆ, ಎಂಜಿನ್ನಿಗೂ ಬಾಡಿಗೂ ನಡುವಿನ ಇಕ್ಕಟ್ಟಿನಲ್ಲಿ ಅದು ಅನುಕೂಲ.

ಹಿಡಿಯನ್ನು ನಿಧಾನವಾಗಿ ಎಳೆಯಿರಿ. ಬೆಲ್ಟ್ ಸಡಿಲವಾದ ಕೂಡಲೇ ಮತ್ತೊಂದು ಕೈಯಿಂದ ಅದನ್ನು ಸುಲಭವಾಗಿ ಕೈಗೆಟಕುವ ಒಂದೇ ಒಂದು ರಾಟೆಯಿಂದ ಜಾರಿಸಿ. ಹೆಚ್ಚಾಗಿ ಅದು ಆಲ್ಟರ್ನೇಟರಿನದು ಅಥವಾ ಏಣಿಲ್ಲದ ನುಣುಪು ರಾಟೆ. ಬೆರಳು ಬೆಲ್ಟಿನ ಅಂಚಿನಲ್ಲಿರಲಿ, ಬೆಲ್ಟಿಗೂ ರಾಟೆಗೂ ನಡುವೆ ಎಂದಿಗೂ ಹೋಗದಿರಲಿ. ಇಬ್ಬರಿದ್ದರೆ ಒಬ್ಬರು ಹಿಡಿಯನ್ನು, ಇನ್ನೊಬ್ಬರು ಬೆಲ್ಟನ್ನು ನೋಡಿಕೊಳ್ಳಬಹುದು.

ಬೆಲ್ಟ್ ಜಾರಿತೆಂದು ಹಿಡಿಯನ್ನು ಥಟ್ಟನೆ ಬಿಡಬೇಡಿ. ಎಳೆದಷ್ಟೇ ನಿಧಾನವಾಗಿ ವಾಪಸ್ ತನ್ನಿ. ಕೆಲವು ಟೆನ್ಷನರ್‌ಗಳಲ್ಲಿ ತೋಳನ್ನು ಸರಿಸಿದ ಜಾಗದಲ್ಲೇ ಪಿನ್ ತೂರಿಸಿ ನಿಲ್ಲಿಸಲು ರಂಧ್ರವಿರುತ್ತದೆ. ಎಣ್ಣೆ ತುಂಬಿದ ಹೈಡ್ರಾಲಿಕ್ ಟೆನ್ಷನರ್ ನಿಧಾನವಾಗಿಯೇ ಸರಿಯುತ್ತದೆ, ಅವಸರದಿಂದ ಜಗ್ಗಿದರೆ ಕೆಡುತ್ತದೆ.

ಬೆಲ್ಟ್ ಕೈಗೆ ಬಂದ ಮೇಲೆ

ಪ್ರತಿ ರಾಟೆಯನ್ನೂ ಬೆರಳಿನಿಂದ ತಿರುಗಿಸಿ ನೋಡಲು ಇದೇ ಒಳ್ಳೆಯ ಸಮಯ. ಗರಗರ ಸದ್ದು ಬಂದರೆ, ಅತ್ತಿತ್ತ ಅಲುಗಿದರೆ ಬೇರಿಂಗ್ ಸವೆದಿದೆ ಎಂದರ್ಥ. ಹೊಸ ಬೆಲ್ಟ್ ಹಾಕಿಯೂ ಸದ್ದು ನಿಲ್ಲದಿರಲು ಅನೇಕ ಸಲ ಇದೇ ಕಾರಣ. ಹಳೆಯ ಬೆಲ್ಟಿನಲ್ಲಿ ಬಿರುಕಿಲ್ಲ ಎಂದು ಮೋಸಹೋಗಬೇಡಿ. ಈಗಿನ ಇಪಿಡಿಎಂ ರಬ್ಬರ್ ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತದೆ. ಏಣುಗಳ ನಡುವಿನ ಗಾಡಿಯ ಆಕಾರವನ್ನು ಗೇಜಿನಿಂದ ಪರೀಕ್ಷಿಸಬೇಕು.

ಹೊಸ ಬೆಲ್ಟ್ ಕೊಳ್ಳುವಾಗ ಮೇಲಿನ ಬರಹ ಓದಿ. 6ಪಿಕೆ1200 ಎಂದಿದ್ದರೆ 6 ಏಣು, ಪಿಕೆ ಮಾದರಿ, 1200 ಮಿ.ಮೀ. ಉದ್ದ. ಹಾಕುವಾಗ ಎಲ್ಲ ಏಣುಗಳೂ ಗಾಡಿಯಲ್ಲಿ ಸರಿಯಾಗಿ ಕೂತಿವೆಯೇ ಎಂದು ಪ್ರತಿ ರಾಟೆಯಲ್ಲೂ ನೋಡಿ. ಒಂದು ಏಣು ಹೊರಗುಳಿದರೂ ಬೆಲ್ಟ್ ಬೇಗ ಹರಿಯುತ್ತದೆ.

ಮುಟ್ಟಬಾರದ್ದು

ಎರಡು ಎಚ್ಚರಿಕೆ. ಒಂದು, ಕೆಲವು ಕಾರುಗಳಲ್ಲಿ ಟೆನ್ಷನರೇ ಇಲ್ಲದ, ತಾನೇ ಹಿಗ್ಗುವ ಬೆಲ್ಟ್ ಇರುತ್ತದೆ. ಅದನ್ನು ಕತ್ತರಿಸಿಯೇ ತೆಗೆಯುತ್ತಾರೆ, ಹೊಸದನ್ನು ಹಾಕಲು ವಿಶೇಷ ಸಲಕರಣೆ ಬೇಕು. ಎರಡು, ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಹಲ್ಲುಗಳಿರುವ ಟೈಮಿಂಗ್ ಬೆಲ್ಟ್ ಇದ್ದರೆ ಅದಕ್ಕೂ ಟೆನ್ಷನರ್ ಇರುತ್ತದೆ. ಅದನ್ನು ಈ ಲೇಖನ ಓದಿ ಸಡಿಲಿಸಬೇಡಿ. ಅದು ಕ್ರ್ಯಾಂಕ್ ಶಾಫ್ಟಿಗೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೂ ತಾಳ ಹೊಂದಿಸುತ್ತದೆ. ಆ ತಾಳ ತಪ್ಪಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಮೊದಲ ಸಲ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಒಬ್ಬರ ಪಕ್ಕದಲ್ಲಿ ನಿಂತು ಕಲಿಯಿರಿ. ಅವರು ಹಿಡಿಯನ್ನು ಎಳೆಯುವುದಕ್ಕಿಂತ ವಾಪಸ್ ಬಿಡುವಾಗ ಎಷ್ಟು ನಿಧಾನಿಸುತ್ತಾರೆ ಎಂಬುದನ್ನು ಗಮನಿಸಿ. ಕಲಿಯಬೇಕಾದ ಕೌಶಲ ಇರುವುದು ಅಲ್ಲಿಯೇ.