ಪುಸ್ತಕ ಇದೆಯಾ ಎಂದು ಕೇಳಲೂ ಬಸ್ ಹತ್ತಬೇಕೆ?

ನಮ್ಮೂರಿನಿಂದ ತಾಲ್ಲೂಕು ಗ್ರಂಥಾಲಯಕ್ಕೆ 18 ಕಿ.ಮೀ. ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಗ ಪಂಚಾಯತ್ ರಾಜ್ ಕುರಿತ ಒಂದೇ ಒಂದು ಪುಸ್ತಕಕ್ಕಾಗಿ ವಾರದಲ್ಲಿ ಮೂರು ಸಲ ಹೋಗಿ ಬಂದೆ. (ಹುಡುಗರಿಗೆ ‘ಶಕ್ತಿ’ ಯೋಜನೆ ಬೇರೆ ಇಲ್ಲ!) ಪ್ರತಿ ಸಲವೂ ಅದೇ ಉತ್ತರ: ‘ಯಾರೋ ತಗೊಂಡು ಹೋಗಿದ್ದಾರೆ ತಮ್ಮಾ, ನಾಳೆ ಬಾ.’ ಆಮೇಲೆ ನೋಡಿದರೆ ಆ ಪುಸ್ತಕ ಪಕ್ಕದೂರಿನ ಗೆಳೆಯನ ಮನೆಯಲ್ಲೇ ಇತ್ತು. ಅವನು ಓದಿ ಮುಗಿಸಿ ವಾರವಾಗಿತ್ತು.

ಬಸ್ ಚಾರ್ಜಿಗಿಂತ ಹೋದ ಮೂರು ದಿನಗಳ ಬಗ್ಗೆ ಹೊಟ್ಟೆ ಉರಿಯಿತು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಬರೆದರು. ಅದರಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದರ ಬಗ್ಗೆಯೇ ಇದೆ.

ನಮ್ಮ ರಾಜ್ಯದಲ್ಲಿ ಡಿಜಿಟಲ್ ಗ್ರಂಥಾಲಯ ಬಂದಿದೆ, ನಾನೂ ನೋಂದಾಯಿಸಿಕೊಂಡಿದ್ದೇನೆ. ಇ–ಪುಸ್ತಕ, ವಿಡಿಯೊ ಎಲ್ಲ ಸಿಗುತ್ತದೆ, ಸಂತೋಷವೇ. ಆದರೆ ನನ್ನ ತಾಲ್ಲೂಕಿನ ಕಪಾಟಿನಲ್ಲಿ ಈಗ ಏನಿದೆ ಎಂಬುದು ನನಗೆ ಗೊತ್ತಾಗುವುದಿಲ್ಲ. ನನಗೇನು ಬೇಕೆಂಬುದು ಆ ಕಪಾಟಿನವರಿಗೂ ಗೊತ್ತಾಗುವುದಿಲ್ಲ.

ಅಮೆರಿಕದ ಆ್ಯನ್ ಆರ್ಬರ್ ಊರಿನ ಗ್ರಂಥಾಲಯ 2007ರಲ್ಲೇ ತನ್ನ ಆನ್‌ಲೈನ್ ಪುಸ್ತಕಪಟ್ಟಿಯನ್ನು ಓದುಗರಿಗೆ ಬಿಟ್ಟುಕೊಟ್ಟಿತು. ಪುಸ್ತಕಕ್ಕೆ ಅಂಕ ಕೊಡಬಹುದು, ಅಭಿಪ್ರಾಯ ಬರೆಯಬಹುದು, ತಮ್ಮದೇ ಪದಗಳ ಚೀಟಿ ಅಂಟಿಸಬಹುದು. ನಮ್ಮಲ್ಲಿ ‘ಎಫ್‌ಡಿಎಗೆ ಸಾಕು’, ‘ಹಳೆ ಸಿಲಬಸ್, ಬೇಡ’ ಎಂದು ಯಾರಾದರೂ ಎರಡು ಮಾತು ಬರೆದಿಟ್ಟಿದ್ದರೆ ಎಷ್ಟು ಜನ ಬಚಾವಾಗುತ್ತಿದ್ದರು!

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಕೆಲಸ ಇನ್ನೂ ದೊಡ್ಡದು. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿದಾಗ ಯಂತ್ರ ಅಕ್ಷರಗಳನ್ನು ತಪ್ಪುತಪ್ಪಾಗಿ ಓದಿತು. ಅದನ್ನು ತಿದ್ದುವ ಅವಕಾಶವನ್ನು 2008ರಿಂದ ಸಾರ್ವಜನಿಕರಿಗೇ ಕೊಟ್ಟರು. ಮನೆಯಲ್ಲಿ ಕೂತ ಜನ ಕೋಟ್ಯಂತರ ಸಾಲು ತಿದ್ದಿದ್ದಾರೆ. ಕನ್ನಡದ ಒತ್ತಕ್ಷರ ಕಂಡರೆ ಯಂತ್ರ ಹೇಗೆ ತಡವರಿಸುತ್ತದೆ ಎಂದು ನೋಡಿದವರಿಗೆ ಗೊತ್ತು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಹೀಗೆ ತಿದ್ದುವವರು ಈಗಲೂ ಇದ್ದಾರೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಾವೂ ದಿನಕ್ಕೊಂದು ಪುಟ ತಿದ್ದಬಹುದು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ನಮಗೇನು ಕಡಿಮೆ ಬಿಡುವೇ?

‘ದುಡ್ಡೆಲ್ಲಿ?’ ಎನ್ನುತ್ತಾರೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತಿದ್ದೇವಲ್ಲ! ದುಡ್ಡಿಗಿಂತ ಜನರ ಕೊರತೆಯೇ ನಿಜವಾದ ತೊಡಕು. ಬಾಗಿಲು ತೆಗೆಯುವುದು, ಪತ್ರಿಕೆ ಜೋಡಿಸುವುದು, ರಿಜಿಸ್ಟರ್ ಬರೆಯುವುದು ಎಲ್ಲ ಒಬ್ಬರೇ ಮಾಡುವ ಕಡೆ ‘ಆನ್‌ಲೈನ್ ಪ್ರಶ್ನೆಗೂ ಉತ್ತರಿಸಿ’ ಎಂದರೆ ಅವರಾದರೂ ಏನು ಮಾಡಿಯಾರು?

ಅದಕ್ಕೇ ನಾವು ಆರು ಜನ ಕಳೆದ ಬೇಸಿಗೆಯಲ್ಲಿ ಗೂಗಲ್ ಶೀಟ್ ಒಂದನ್ನು ತೆರೆದೆವು. ಮೊಬೈಲಿನಲ್ಲೇ ಸ್ಪರ್ಧಾತ್ಮಕ ಪರೀಕ್ಷೆಯ ಕಪಾಟಿನ ಪುಸ್ತಕಗಳ ಹೆಸರು, ಮುದ್ರಣದ ವರ್ಷ ತುಂಬಿದೆವು. ಪುಸ್ತಕ ‘ಇದೆ’ಯೋ ‘ಹೊರಗಿದೆ’ಯೋ ಎಂಬುದಕ್ಕೆ ಒಂದು ಕಾಲಂ, ‘ನನಗೆ ಬೇಕು’ ಎನ್ನುವವರಿಗೆ ಇನ್ನೊಂದು. ಯಾರು ಒಯ್ದರು ಎಂದು ಮಾತ್ರ ಬರೆಯುವುದಿಲ್ಲ. ಯಾರು ಏನು ಓದುತ್ತಾರೆಂಬುದು ಊರಿಗೆಲ್ಲ ಏಕೆ?

ಮೊದಮೊದಲು ಗ್ರಂಥಪಾಲಕರು ‘ಇದೇನ್ರೋ, ಕಪಾಟಿನ ಫೋಟೊ ಹೊಡೀತೀರಿ?’ ಎಂದು ಗದರಿದ್ದರು. ಹೋದ ತಿಂಗಳು ಅವರೇ ಕರೆದು, ‘ಆ ನಿಮ್ಮ ಲಿಂಕ್ ನನಗೂ ಕಳಿಸಪ್ಪಾ’ ಎಂದರು. ‘ಬೇಕು’ ಕಾಲಂನಲ್ಲಿ ಹೆಚ್ಚು ಜನ ಕೇಳಿದ ನಾಲ್ಕು ಪುಸ್ತಕಗಳನ್ನು ಈ ಸಲದ ಖರೀದಿ ಪಟ್ಟಿಗೆ ಬರೆದಿಟ್ಟುಕೊಂಡಿದ್ದಾರೆ. ಪುಸ್ತಕ ಇನ್ನೂ ಬಂದಿಲ್ಲ. ಬಂದ ದಿನ ಶೀಟ್‌ನಲ್ಲಿ ಗೊತ್ತಾಗುತ್ತದೆ, ಅಂದೇ ಬಸ್ ಹತ್ತಿದರಾಯಿತು.